ಐದು ಸುರಂಗ ಒಣಗಿದ್ದವು, ಆರನೆಯದರಲ್ಲಿ ನೀರಿತ್ತು

ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ಚಾರ್ಮಾಡಿ ಬದಿಯ ಸದಸ್ಯರ ಮಾತೆಲ್ಲ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತದೆ. ತೋಡಿನಲ್ಲಿ ನೀರು ಎಷ್ಟಿದೆ, ಕೆರೆ ಎಷ್ಟು ಇಳಿಯಿತು, ಪಂಪು ಇನ್ನೆಷ್ಟು ದಿನ ಎಳೆದೀತು? ಅದೇ ಹೊತ್ತಿಗೆ ಘಟ್ಟದ ಮೇಲೆ ಕೊಟ್ಟಿಗೆಹಾರದತ್ತ ಕಾಫಿ ಬೆಳೆಯುವ ನಮ್ಮ ಬಂಧುಗಳು ಹೂಮಳೆಗಾಗಿ ಆಕಾಶ ನೋಡುತ್ತ ಕುಳಿತಿರುತ್ತಾರೆ. ಜುಲೈಯಲ್ಲಿ ಸಾಕಪ್ಪಾ ಸಾಕು ಎನಿಸುವಷ್ಟು ಸುರಿದ ನೀರು ಎಂಟೇ ತಿಂಗಳಲ್ಲಿ ಎಲ್ಲಿಗೆ ಹೋಯಿತೆಂಬ ಪ್ರಶ್ನೆ ಹಳೆಯದು. ಅದಕ್ಕೆ ಈಚಿನ ವರ್ಷಗಳಲ್ಲಿ ನಾವು ಕಂಡುಕೊಂಡ ಉತ್ತರವೂ ಒಂದೇ: ಬೋರ್‌ವೆಲ್ ಲಾರಿಗೆ ಫೋನು ಮಾಡುವುದು. ಒಂದು ಕಡೆ ನೀರು ಸಿಗದಿದ್ದರೆ ಇನ್ನೊಂದು ಕಡೆ ಕೊರೆಸುವುದು, ಅದಕ್ಕೆ ಸಾಲ, ಸಾಲಕ್ಕೆ ಅಡಿಕೆ. ಈ ಲೆಕ್ಕ ಸಣ್ಣ ಹಿಡುವಳಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಈ ಸಲ ನಾವು ಬರೆಯಹೊರಟಿರುವುದು ಬೇರೆ ಬಗೆಯ ಉತ್ತರ ಹುಡುಕಿದ ಒಬ್ಬರ ಬಗ್ಗೆ. ಅವರು ನಮ್ಮ ಜಿಲ್ಲೆಯವರೇ. ಚಾರ್ಮಾಡಿಯಿಂದ ಉಜಿರೆ, ಉಪ್ಪಿನಂಗಡಿ, ಪುತ್ತೂರು ದಾಟಿ ವಿಟ್ಲಕ್ಕೆ ಹೋಗಿ, ಅಲ್ಲಿಂದ ಕೇರಳದ ಗಡಿಯತ್ತ ಸಾಗುವ ರಸ್ತೆಯಲ್ಲಿ ಅಡ್ಯನಡ್ಕ ಎಂಬ ಊರು ಸಿಗುತ್ತದೆ. ಬಂಟ್ವಾಳ ತಾಲೂಕಿನ ಕೇಪು ಗ್ರಾಮಕ್ಕೆ ಸೇರಿದ ಆ ಕಡೆಯ ಅಮೈ ಎಂಬಲ್ಲಿನ ಶ್ರೀ ಮಹಾಲಿಂಗ ನಾಯ್ಕರ ಹೆಸರನ್ನು ಈಗ ಕೇಳದವರು ಕಡಿಮೆ. 2022ರ ಜನವರಿ 25ರಂದು ಪ್ರಕಟವಾದ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರಿತ್ತು. ಪ್ರಶಸ್ತಿ ಬಂದ ಮೇಲೆ ಎಲ್ಲರೂ ಹೊಗಳಿದರು. ನಮಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದಕ್ಕೆ ನಾಲ್ಕು ದಶಕಗಳ ಹಿಂದೆ, ಯಾರೂ ಹೊಗಳದಿದ್ದ ಕಾಲದಲ್ಲಿ ನಡೆದ ಕೆಲಸ.

ನಾಯ್ಕರು ಶಾಲೆ ಕಲಿತವರಲ್ಲ. ಬೇರೆಯವರ ತೋಟಗಳಲ್ಲಿ ಅಡಿಕೆ ಮರ, ತೆಂಗಿನ ಮರ ಹತ್ತುವ ಕೂಲಿ ಕೆಲಸ ಅವರದು. ಮರ ಹತ್ತುವ ಕೆಲಸಗಾರನ ದಿನ ಹೇಗಿರುತ್ತದೆಂದು ನಮಗೆ ಗೊತ್ತಿದೆ. ಮಧ್ಯಾಹ್ನದ ಹೊತ್ತಿಗೆ ಕೈಕಾಲು ಸೋತಿರುತ್ತದೆ. ಅಡಿಕೆಯನ್ನು ಅಷ್ಟು ವರ್ಷ ಮುಟ್ಟಿದ ಕೈಗೆ ತನ್ನದೆಂಬ ಒಂದು ಅಡಿಕೆ ಗಿಡವೂ ಇರಲಿಲ್ಲ. ತನಗೂ ಒಂದು ತೋಟ ಬೇಕು ಎಂಬುದೇ ಅವರ ಕನಸು. ನಮ್ಮಂಥವರಿಗೆ ಅದು ತೀರ ಸಾಧಾರಣ ಆಸೆಯಾಗಿ ಕಂಡೀತು, ಏಕೆಂದರೆ ನಮಗೆ ಅದು ಹಿರಿಯರಿಂದ ಬಂದದ್ದು. ಜಾಗವೇ ಇಲ್ಲದವನಿಗೆ ಅದು ಆಕಾಶಕ್ಕೆ ಏಣಿ ಹಾಕಿದ ಹಾಗೆ.

1978ರ ಸುಮಾರಿಗೆ ಅವರು ದುಡಿಯುತ್ತಿದ್ದ ತೋಟದ ಧಣಿಗಳಾದ ಮಹಾಬಲ ಭಟ್ಟರು, ಈತ ನಂಬಿಗಸ್ತ, ಕಷ್ಟಪಟ್ಟು ದುಡಿಯುವವನು ಎಂದು ಮೆಚ್ಚಿ ಎರಡು ಎಕರೆ ಜಾಗ ಬಿಟ್ಟುಕೊಟ್ಟರು. ಕೊಟ್ಟವರ ಮನಸ್ಸು ದೊಡ್ಡದೇ. ಆದರೆ ಜಾಗ ಬೋಳುಗುಡ್ಡದ ಇಳಿಜಾರು. ಮಳೆಗೆ ಬಿದ್ದ ನೀರೆಲ್ಲ ಕ್ಷಣದಲ್ಲಿ ಕೆಳಗೆ ಓಡುವಂಥದ್ದು. ಅಲ್ಲಿ ಅಡಿಕೆ ಹಾಕುತ್ತೇನೆಂದರೆ ಯಾರಾದರೂ ನಗುವವರೇ. ಬಾವಿ ತೋಡಿಸಲು ದುಡ್ಡಿಲ್ಲ, ಆಳು ಕರೆಯಲು ದುಡ್ಡಿಲ್ಲ. ಇದ್ದದ್ದು ತನ್ನ ಎರಡು ತೋಳು, ಒಂದು ಪಿಕ್ಕಾಸು, ಮತ್ತು ಆ ಸೀಮೆಯವರಿಗೆ ತಲೆಮಾರುಗಳಿಂದ ಗೊತ್ತಿದ್ದ ಒಂದು ವಿದ್ಯೆ.

ಆ ವಿದ್ಯೆಯೇ ಸುರಂಗ. ಚಾರ್ಮಾಡಿ ಬದಿಯ ನಮಗೆ ಇದರ ಬಳಕೆ ಇಲ್ಲದ್ದರಿಂದ ಎರಡು ಮಾತು ವಿವರಿಸಬೇಕು. ಕಾಸರಗೋಡು, ಮಂಜೇಶ್ವರದಿಂದ ಹಿಡಿದು ಬಂಟ್ವಾಳ, ಪುತ್ತೂರು ತಾಲೂಕುಗಳ ದಕ್ಷಿಣದ ಅಂಚಿನವರೆಗೆ ಮುರಕಲ್ಲಿನ ಗುಡ್ಡಗಳಿವೆ. ಮುರಕಲ್ಲು ಮಳೆನೀರನ್ನು ಹೀರಿ ಒಳಗಿಳಿಸುತ್ತದೆ, ಕೊರೆದರೆ ಮಣ್ಣಿನ ಹಾಗೆ ಕೂಡಲೇ ಕುಸಿಯುವುದೂ ಇಲ್ಲ. ಬಾವಿಯಾದರೆ ನೀರನ್ನು ಹುಡುಕಿಕೊಂಡು ಕೆಳಕ್ಕೆ ಹೋಗಬೇಕು. ಸುರಂಗದಲ್ಲಿ ಗುಡ್ಡದ ಪಕ್ಕೆಯಿಂದ ಅಡ್ಡಕ್ಕೆ ಒಳಗೆ ಹೋಗುತ್ತಾರೆ. ಅಗಲ ಒಂದೂವರೆಯಿಂದ ಎರಡೂವರೆ ಅಡಿ, ಎತ್ತರ ಸುಮಾರು ಆರಡಿ. ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸುವಷ್ಟು ಜಾಗವಾದರೆ ಆಯಿತು. ಒಳಗೆ ಹೋದ ಹಾಗೆ ನೆಲವನ್ನು ತುಸುವೇ ಏರಿಸುತ್ತ ಹೋಗುತ್ತಾರೆ, ಒಸರು ಸಿಕ್ಕಿದರೆ ನೀರು ತಾನಾಗಿಯೇ ಹೊರಗೆ ಹರಿದು ಬರಲಿ ಎಂದು. ಬಾಯಿಯ ಹತ್ತಿರ ಮಣ್ಣಿನ ಸಣ್ಣ ಕಟ್ಟೆ ಕಟ್ಟಿ, ಹಿಂದಿನ ಕಾಲದಲ್ಲಾದರೆ ಬಿದಿರಿನಲ್ಲೋ ಅಡಿಕೆ ದಂಬೆಯಲ್ಲೋ, ಈಗ ಪೈಪಿನಲ್ಲಿ, ಆ ನೀರನ್ನು ಟಾಂಕಿಗೆ ತರುತ್ತಾರೆ. ಪಂಪು ಬೇಡ, ಕರೆಂಟು ಬೇಡ. ಇರಾನ್ ದೇಶದಲ್ಲಿ ಇದೇ ಜಾತಿಯ ನೆಲದಡಿಯ ಕಾಲುವೆಗಳು ಸಾವಿರಾರು ವರ್ಷಗಳಿಂದ ಇವೆ. ಅಷ್ಟು ದೂರವೇಕೆ, ನಮ್ಮ ಬಂಟ್ವಾಳ ತಾಲೂಕಿನ ಮಾಣಿಲ ಗ್ರಾಮವೊಂದರಲ್ಲೇ ನೂರಾರು ಸುರಂಗಗಳಿವೆ.

ಹೇಳಲು ಸುಲಭ. ಸುರಂಗ ಕೊರೆಯುವವರು ಸಾಮಾನ್ಯವಾಗಿ ಇಬ್ಬರೋ ಮೂವರೋ ಇರುತ್ತಾರೆ. ಒಬ್ಬ ಅಗೆದರೆ ಇನ್ನೊಬ್ಬ ಮಣ್ಣು ಹೊರುತ್ತಾನೆ. ಆಳಕ್ಕೆ ಹೋದಷ್ಟೂ ಉಸಿರಾಡಲು ಗಾಳಿ ಕಡಿಮೆ. ಒಳಗೆ ಇಟ್ಟ ದೀಪ ಮಂಕಾಯಿತೆಂದರೆ ಹೊರಗೆ ಬರಬೇಕು, ದೀಪ ಆರುವ ಜಾಗದಲ್ಲಿ ಮನುಷ್ಯನೂ ನಿಲ್ಲುವಂತಿಲ್ಲ. ನಾಯ್ಕರಿಗೆ ಜೊತೆಯವರಿರಲಿಲ್ಲ. ಹಗಲು ಕೂಲಿಗೆ ಹೋಗದಿದ್ದರೆ ಮನೆಯಲ್ಲಿ ಅನ್ನವಿಲ್ಲ. ಆದ್ದರಿಂದ ಹಗಲಿನ ಮರ ಹತ್ತುವ ಕೆಲಸ ಮುಗಿಸಿ ಬಂದು, ಸಂಜೆಯಿಂದ ರಾತ್ರಿಯವರೆಗೆ ಎಣ್ಣೆ ದೀಪದ ಬೆಳಕಿನಲ್ಲಿ ತಾನೇ ಅಗೆದು, ತಾನೇ ಬುಟ್ಟಿಗೆ ತುಂಬಿ, ತಾನೇ ಹೊರಗೆ ತಂದು ಸುರಿಯುತ್ತಿದ್ದರು. ಒಂದು ದಿನ ಎರಡು ದಿನವಲ್ಲ, ವರ್ಷಗಟ್ಟಲೆ.

ಮೊದಲನೆಯ ಸುರಂಗದಲ್ಲಿ ನೀರು ಸಿಗಲಿಲ್ಲ. ಎರಡನೆಯದನ್ನು ಆರಂಭಿಸಿದರು. ಅದರಲ್ಲೂ ಇಲ್ಲ. ಮೂರು, ನಾಲ್ಕು, ಐದು. ಒಂದರಲ್ಲೂ ತೋಟಕ್ಕಾಗುವ ನೀರಿಲ್ಲ. ಊರವರು ಆಡಿಕೊಂಡರು, ಇವನಿಗೆ ಮರುಳು ಹಿಡಿದಿದೆ ಎಂದರು. ಅವರನ್ನು ದೂರಿ ಫಲವಿಲ್ಲ. ನಮ್ಮ ನೆರೆಯಲ್ಲಿ ಒಬ್ಬರು ಹೀಗೆ ಗುಡ್ಡ ಕೊರೆಯುತ್ತಿದ್ದರೆ ನಾವೂ ಸೊಸೈಟಿ ಜಗಲಿಯಲ್ಲಿ ಕೂತು ಅದನ್ನೇ ಹೇಳುತ್ತಿದ್ದೆವು. ಮೂರನೆಯದಕ್ಕೆ ಬುದ್ಧಿ ಹೇಳಲು ಹೋಗುತ್ತಿದ್ದೆವು, ಐದನೆಯದರ ಹೊತ್ತಿಗೆ ಮಾತಾಡಿಸುವುದನ್ನೇ ಬಿಡುತ್ತಿದ್ದೆವು.

ಆರನೆಯದರಲ್ಲಿ ಒಸರು ಸಿಕ್ಕಿತು.

ಆ ರಾತ್ರಿ ಅವರಿಗೆ ಹೇಗೆ ಅನ್ನಿಸಿರಬಹುದೆಂದು ಬರೆಯುವುದು ಬರೆಯುವವರ ಚಪಲ. ಅದನ್ನು ನಾವು ಮಾಡುವುದಿಲ್ಲ. ನೀರು ಸಿಕ್ಕ ಮೇಲೆ ಅವರು ಏನು ಮಾಡಿದರು ಎಂಬುದು ಹೆಚ್ಚು ಉಪಯೋಗದ ಸಂಗತಿ. ಅವರು ಅಲ್ಲಿಗೇ ನಿಲ್ಲಿಸದೆ ಮತ್ತೂ ಅಗೆದರು. ಬಂದ ನೀರನ್ನು ಟಾಂಕಿಯಲ್ಲಿ ಹಿಡಿದಿಟ್ಟು, ಎತ್ತರದಿಂದ ತಗ್ಗಿಗೆ ತಾನಾಗಿ ಹರಿಯುವ ಹಾಗೆ ಮಾಡಿ ಗಿಡಗಳ ಬುಡಕ್ಕೆ ಮುಟ್ಟಿಸಿದರು. ಆದರೆ ಇಳಿಜಾರಿನಲ್ಲಿ ಬರೇ ನೀರಿದ್ದರೆ ಸಾಲದು, ಮಣ್ಣು ನಿಲ್ಲಬೇಕು. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ತಟ್ಟು ಮಾಡಿ ಪ್ರತಿ ತಟ್ಟಿಗೂ ಕಲ್ಲು ಕಟ್ಟಬೇಕು. ಕಲ್ಲು ತರಿಸಲು ಲಾರಿಯಿಲ್ಲ. ಕೆಲಸದಿಂದ ಹಿಂದಿರುಗುವಾಗ ಕಲ್ಲು ಹೊತ್ತು ತರುವುದು ಅವರ ನಿತ್ಯದ ಕ್ರಮವಾಯಿತು. ಹಾಗೆ ತಂದ ಕಲ್ಲುಗಳ ಸಂಖ್ಯೆ ಸಾವಿರಗಳ ಲೆಕ್ಕಕ್ಕೆ ಹೋಯಿತು. ಒಂದು ಮುರಕಲ್ಲು ಎತ್ತಿ ನೋಡಿದವರಿಗೆ ಇದರ ಅರ್ಥವಾಗುತ್ತದೆ.

ತೋಟ ಎದ್ದಿತು. ಪತ್ರಿಕೆಗಳಲ್ಲಿ ಬಂದ ಲೆಕ್ಕದಂತೆ ಮುನ್ನೂರರಷ್ಟು ಅಡಿಕೆ, ಎಪ್ಪತ್ತೈದರಷ್ಟು ತೆಂಗು, ಜೊತೆಗೆ ಬಾಳೆ, ಗೇರು, ಮರಗಳಿಗೆ ಹಬ್ಬಿದ ಕಾಳುಮೆಣಸು. ಗುಡ್ಡದ ಮೇಲ್ಭಾಗದಲ್ಲಿ ಇಂಗುಗುಂಡಿಗಳನ್ನೂ ತೋಡಿದರು. ಸುರಂಗದಿಂದ ತೆಗೆಯುವ ನೀರು ಮೇಲಿನಿಂದ ಇಳಿದದ್ದೇ ಆಗಬೇಕಲ್ಲ, ತೆಗೆದಷ್ಟು ತುಂಬಿಸುವ ದಾರಿಯೂ ಬೇಕು. ಈ ಲೆಕ್ಕವನ್ನು ಶಾಲೆ ಕಲಿಯದ ಅವರು ಹಿಡಿದರು. ಬೋರ್‌ವೆಲ್ಲಿನ ಮೇಲೆ ಬೋರ್‌ವೆಲ್ ಕೊರೆಸಿ ಗುಡ್ಡದ ಕಡೆ ತಲೆ ಎತ್ತಿ ನೋಡದ ನಾವು ಹಿಡಿಯಲಿಲ್ಲ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡೋಣ. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರು ಸಾಕೆಂದು ಸಿ.ಪಿ.ಸಿ.ಆರ್.ಐ.ಯವರ ಶಿಫಾರಸು. ಮುನ್ನೂರು ಮರಕ್ಕೆ ಎಂದರೆ ಐದರಿಂದ ಆರು ಸಾವಿರ ಲೀಟರು. ದೊಡ್ಡ ಸಂಖ್ಯೆಯಂತೆ ಕೇಳಿಸುತ್ತದೆ. ಆದರೆ ನಿಮಿಷಕ್ಕೆ ನಾಲ್ಕೇ ಲೀಟರು ನೀರು ಹಗಲೂ ರಾತ್ರಿ ಬರುತ್ತಿದ್ದರೆ ದಿನಕ್ಕೆ 5,760 ಲೀಟರಾಯಿತು. ಎರಡು ನಿಮಿಷದಲ್ಲಿ ಒಂದು ಸಣ್ಣ ಬಾಲ್ದಿ ತುಂಬುವ ನೀರು! ಅಷ್ಟು ನೀರು ಕಂಡರೆ ನಮ್ಮಲ್ಲಿ ಹೆಚ್ಚಿನವರು ಇದೇನು ನೀರೇ ಎಂದು ಮುಖ ತಿರುಗಿಸುತ್ತೇವೆ. ಐದು ಎಚ್.ಪಿ. ಪಂಪಿನ ಬಾಯಿಯಿಂದ ಧುಮುಕುವುದನ್ನು ನೋಡಿ ನೋಡಿ ನಮ್ಮ ಕಣ್ಣಿಗೆ ತೆಳ್ಳಗಿನ ನೀರು ನೀರಾಗಿ ಕಾಣುವುದಿಲ್ಲ. ಆ ತೆಳ್ಳಗಿನ ನೀರು ರಾತ್ರಿಯಿಡೀ ಟಾಂಕಿ ತುಂಬುತ್ತಿರುತ್ತದೆ, ಕರೆಂಟು ಹೋದರೂ ತುಂಬುತ್ತಿರುತ್ತದೆ ಎಂಬುದನ್ನು ಮರೆಯುತ್ತೇವೆ.

ನಾಯ್ಕರ ಹಟವನ್ನು ಹೊಗಳುವಾಗ ಸಾಮಾನ್ಯವಾಗಿ ಒಂದು ಸಂಗತಿ ತಪ್ಪಿಹೋಗುತ್ತದೆಂದು ನಮ್ಮ ಅಭಿಪ್ರಾಯ. ಐದು ಸಲ ಸೋತವನು ಆರನೆಯ ಸಲಕ್ಕೆ ಹೇಗೆ ಉಳಿದ? ಧೈರ್ಯದಿಂದ ಎಂದರೆ ಅರ್ಧ ಮಾತಾಯಿತು. ಪ್ರತಿ ಸೋಲಿನಲ್ಲಿ ಅವರು ಕಳೆದುಕೊಂಡದ್ದು ತನ್ನ ಸಂಜೆಗಳನ್ನು, ತನ್ನ ಬೆವರನ್ನು. ಅದು ಸಣ್ಣ ನಷ್ಟವೆಂದು ನಾವು ಹೇಳುತ್ತಿಲ್ಲ. ಆದರೆ ಮರುದಿನ ಬೆಳಿಗ್ಗೆ ಕೂಲಿಗೆ ಹೋಗಲು ದಾರಿ ಉಳಿದಿತ್ತು, ಹಗಲಿನ ಸಂಪಾದನೆ ಮನೆಗೆ ಬರುತ್ತಿತ್ತು. ಐದು ಬೋರ್‌ವೆಲ್ ಸೋತ ಸಣ್ಣ ತೋಟಗಾರನಿಗೆ ಆರನೆಯದು ಇರುವುದಿಲ್ಲ. ಎರಡನೆಯದರಲ್ಲೇ ಜಾಗದ ಪಹಣಿ ಬ್ಯಾಂಕಿನಲ್ಲಿರುತ್ತದೆ. ಹಟ ಮಾಡಬೇಕಾದವರು ತಾಳಿಕೊಳ್ಳಬಲ್ಲ ಬೆಲೆಯ ಕೆಲಸದಲ್ಲಿ ಹಟ ಮಾಡಬೇಕು. ಈ ವಿಷಯದಲ್ಲಿ ಅವರು ಮರುಳರಲ್ಲ, ಊರಿಗೇ ಹೆಚ್ಚಿನ ಲೆಕ್ಕಾಚಾರಸ್ಥರು.

ಅವರ ಹೆಸರು ಹೊರಗಿನವರಿಗೆ ತಿಳಿಯಲು ಬಹಳ ಕಾಲ ಹಿಡಿಯಿತು. ನೀರಿನ ವಿಷಯದಲ್ಲಿ ಶ್ರೀ ಪಡ್ರೆಯವರಂಥ ಬರಹಗಾರರು ಈ ಭಾಗದ ಸುರಂಗಗಳ ಬಗ್ಗೆ, ಅವುಗಳನ್ನು ಕೊರೆದವರ ಬಗ್ಗೆ ಬಿಡದೆ ಬರೆದರು. ಆಮೇಲೆ ಶಾಲೆಯ ಮಕ್ಕಳು, ಕೃಷಿಕರ ತಂಡಗಳು ಅಮೈಯ ಗುಡ್ಡ ಹತ್ತತೊಡಗಿದವು. ಇಂಥವರನ್ನು ನಾಡು ಗುರುತಿಸುವುದು ಅವರ ತಲೆ ಹಣ್ಣಾದ ಮೇಲೆಯೇ. ನಮ್ಮ ಜಿಲ್ಲೆಯ ಇನ್ನೊಬ್ಬರ ವಿಷಯದಲ್ಲೂ ಹೀಗೆಯೇ ಆಯಿತು. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರಿಗೆ ಒಮ್ಮೆ ಪರದೇಶದವರು ಇಂಗ್ಲಿಷಿನಲ್ಲಿ ಹಣ್ಣಿನ ಕ್ರಯ ಕೇಳಿದರು. ಉತ್ತರ ಹೇಳಲು ಆಗಲಿಲ್ಲ. ನನಗಾದದ್ದು ನನ್ನೂರಿನ ಮಕ್ಕಳಿಗೆ ಆಗಬಾರದೆಂದು ಅವರು ನ್ಯೂಪಡ್ಪುವಿನಲ್ಲಿ ಶಾಲೆಗಾಗಿ ಓಡಾಡಿದರು. ಕಿತ್ತಳೆ ಮಾರಿದ ದುಡ್ಡಿನಿಂದ ಕೂಡಿಟ್ಟರು, ಕಚೇರಿಗಳ ಮೆಟ್ಟಿಲು ಹತ್ತಿದರು. 28 ಮಕ್ಕಳಿಂದ ಆರಂಭವಾದ ಶಾಲೆ ಮುಂದೆ ಹೈಸ್ಕೂಲಾಯಿತು. 2020ರ ಪಟ್ಟಿಯಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಗಿ, 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ಹೋಗಿ ರಾಷ್ಟ್ರಪತಿಗಳ ಕೈಯಿಂದ ಪಡೆದರು. ಅವರ ಕಥೆಯನ್ನು ಇನ್ನೊಮ್ಮೆ ವಿಸ್ತಾರವಾಗಿ ಬರೆಯಬೇಕು.

ಒಬ್ಬೊಬ್ಬರೇ ಮಾಡಿದ ಹಟದ ಮಾತಾಯಿತು. ಆದರೆ ಸಹಕಾರಿ ಪತ್ರಿಕೆಯಾಗಿ ನಾವು ಇನ್ನೊಂದನ್ನು ಹೇಳದಿದ್ದರೆ ತಪ್ಪಾದೀತು. ಅದೇ ಅಡ್ಯನಡ್ಕದ ಮಣ್ಣಿನವರೇ ವಾರಣಾಶಿ ಸುಬ್ರಾಯ ಭಟ್ಟರು. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಪಾತಾಳಕ್ಕೆ ಬಿದ್ದು, ಬೆಳೆದವನಿಗೆ ಕೊಯ್ಲಿನ ಕೂಲಿಯೂ ಹುಟ್ಟದ ದಿನಗಳು ಬಂದಾಗ, ಬೆಳೆಗಾರರೇ ಕೊಳ್ಳುವವರೂ ಮಾರುವವರೂ ಆಗಬೇಕೆಂದು ಹೊರಟವರಲ್ಲಿ ಅವರು ಮುಂದಾಳು. ಎರಡು ರಾಜ್ಯಗಳ ಬೆಳೆಗಾರರು ಸೇರಿ ಒಂದೇ ಸಹಕಾರಿ ಸಂಸ್ಥೆ ನಡೆಸುವುದು ಆಗದ ಮಾತು ಎಂದವರು ಹಲವರು. 1973ರ ಜುಲೈ 11ರಂದು ಕ್ಯಾಂಪ್ಕೊ ನೋಂದಣಿಯಾಯಿತು, ಭಟ್ಟರು ಅದರ ಸ್ಥಾಪಕಾಧ್ಯಕ್ಷರಾದರು.

ಮುಂದೆ ಕೊಕ್ಕೊ ಬಂತು. ಅಡಿಕೆ ಮರಗಳ ನಡುವೆ ಕೊಕ್ಕೊ ಹಾಕಿ, ಲಾಭವಿದೆ ಎಂದು ಎಲ್ಲ ಕಡೆಯಿಂದ ಹೇಳಿಸಿಕೊಂಡು ಹಾಕಿದೆವು. ಗಿಡ ಫಲ ಕೊಡುವ ಹೊತ್ತಿಗೆ, 1980ರ ಸುಮಾರಿಗೆ, ಕೊಳ್ಳುತ್ತಿದ್ದವರು ಹಿಂದೆ ಸರಿದರು. ಹಲವರು ಗಿಡಗಳನ್ನು ಕಡಿದು ಹಾಕಿದರು. ಆಗ ಕೊಕ್ಕೊ ಕೊಳ್ಳಲು ಮುಂದಾದ ಕ್ಯಾಂಪ್ಕೊ ಅಷ್ಟಕ್ಕೇ ನಿಲ್ಲದೆ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟುತ್ತೇವೆ ಎಂದಿತು. ಪಂಚೆ ಉಟ್ಟ ಅಡಿಕೆ ಬೆಳೆಗಾರರು ಚಾಕೊಲೇಟು ಮಾಡುವರಂತೆ ಎಂದು ನಕ್ಕವರು ಅಮೈಯಲ್ಲಿ ನಕ್ಕವರಿಗಿಂತ ದೊಡ್ಡ ಜನ. 1986ರಲ್ಲಿ ಪುತ್ತೂರಿನ ಕಾರ್ಖಾನೆಯನ್ನು ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಉದ್ಘಾಟಿಸಿದರು. ಒಬ್ಬೊಬ್ಬರು ಎರಡೆರಡು ಬುಟ್ಟಿ ಹಸಿಬೀಜ ತಂದು ಹಾಕಿ ನಿಲ್ಲಿಸಿದ ಕಾರ್ಖಾನೆ ಅದು. ಒಬ್ಬೊಬ್ಬನಿಗೆ ತಾಳಲಾಗದ ಬೆಲೆಯನ್ನು ಸಾವಿರಾರು ಜನ ಹಂಚಿಕೊಂಡರೆ ತಾಳಿಕೊಳ್ಳಬಹುದು ಎಂಬ ಲೆಕ್ಕ ಅಲ್ಲಿಯೂ ಇತ್ತು.

ಈಗ ನಮ್ಮ ಚಾರ್ಮಾಡಿಯ ಬದಿಗೆ ಬರೋಣ. ಮೇಲಿನದನ್ನು ಓದಿ ಯಾರಾದರೂ ನಾಳೆಯೇ ಮನೆಯ ಹಿಂದಿನ ಗುಡ್ಡಕ್ಕೆ ಪಿಕ್ಕಾಸು ಹಾಕುವುದಾದರೆ ದಯವಿಟ್ಟು ನಿಲ್ಲಬೇಕು. ಅಡ್ಯನಡ್ಕದ ಮುರಕಲ್ಲು ಬೇರೆ, ಘಟ್ಟದ ಬುಡದ ನಮ್ಮ ಮಣ್ಣು ಬೇರೆ. ಇಲ್ಲಿ ಮೆದು ಮಣ್ಣಿನ ದಪ್ಪ ಪದರದ ಕೆಳಗೆ ಬಂಡೆಯಿರುತ್ತದೆ. ಮಣ್ಣು ನೀರು ಕುಡಿದು ಭಾರವಾದರೆ ಜಾರುತ್ತದೆ. 2019ರ ಆಗಸ್ಟಿನಲ್ಲಿ ಘಟ್ಟದ ರಸ್ತೆ ಹಲವು ಕಡೆ ಕುಸಿದು ಸಂಚಾರ ನಿಂತದ್ದು, ಹೊಳೆ ತೋಡುಗಳು ಉಕ್ಕಿ ತೋಟಗಳೊಳಗೆ ಮರಳು, ಬಂಡೆ, ಮರದ ದಿಮ್ಮಿ ತಂದು ಹಾಕಿದ್ದು ಯಾರಿಗೂ ಮರೆತಿಲ್ಲ. ಅಂಥ ಇಳಿಜಾರಿನಲ್ಲಿ ಸುರಂಗ ತೋಡುವುದೂ, ಸಿಕ್ಕ ಸಿಕ್ಕಲ್ಲಿ ದೊಡ್ಡ ಇಂಗುಗುಂಡಿ ಮಾಡುವುದೂ ಅಪಾಯ. ಇಂಗುಗುಂಡಿ ಬೇಕಿದ್ದವರು ಸಪಾಟಾದ ಜಾಗದಲ್ಲಿ, ಮನೆಯಿಂದ ಮತ್ತು ಕಡಿದು ನಿಲ್ಲಿಸಿದ ದರೆಯಿಂದ ದೂರದಲ್ಲಿ ಮಾಡಿಕೊಳ್ಳಬೇಕು.

ನಮಗೆ ನಮ್ಮದೇ ಆದ ವಿದ್ಯೆ ಇದೆ. ಘಟ್ಟದಿಂದ ಇಳಿಯುವ ಅಬ್ಬಿಯ ನೀರನ್ನು ಪೈಪಿನಲ್ಲಿ ಮನೆಗೆ, ತೋಟಕ್ಕೆ ತಂದವರು ಬೆಳ್ತಂಗಡಿ ತಾಲೂಕಿನ ಈ ಭಾಗದಲ್ಲಿ ಬೇಕಾದಷ್ಟು ಜನ. ತೋಡಿನ ನೀರಿನಿಂದ ಪುಟ್ಟ ಟರ್ಬೈನು ತಿರುಗಿಸಿ ಮನೆಯ ದೀಪ ಉರಿಸಿಕೊಂಡವರೂ ಇದ್ದಾರೆ. ಕರೆಂಟಿನ ಕಂಬ ಬರುವುದು ಕಾಣುವುದಿಲ್ಲವೆಂದಾದಾಗ ಅವರು ಹಿಡಿದ ಹಟವೂ ಸಣ್ಣದಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಕಟ್ಟ. ಮಳೆ ಪೂರ್ತಿ ಬಿಟ್ಟು ತೋಡಿನ ಹರಿವು ತಗ್ಗಿದ ಮೇಲೆ, ಆದರೆ ನೀರು ಇನ್ನೂ ಓಡುತ್ತಿರುವಾಗಲೇ, ಕಲ್ಲು ಮಣ್ಣು ಹಾಕಿ ಅಡ್ಡ ಕಟ್ಟುವ ಈ ಕೆಲಸವನ್ನು ಹಿರಿಯರು ವರ್ಷ ವರ್ಷ ಮಾಡುತ್ತಿದ್ದರು. ಪಂಪು ಬಂದ ಮೇಲೆ, ಬೋರ್‌ವೆಲ್ ಬಂದ ಮೇಲೆ ಹಲವೆಡೆ ಬಿಟ್ಟುಹೋಯಿತು. ಕಾಸರಗೋಡಿನ ಏತಡ್ಕದಲ್ಲಿ ಕೃಷಿಕರು ಸೇರಿ ಬಿಟ್ಟುಹೋದ ಕಟ್ಟಗಳನ್ನು ಮತ್ತೆ ಕಟ್ಟಿದ್ದಾರೆ. ಕಟ್ಟದ ಹಿಂದೆ ನಿಂತ ನೀರು ಸುತ್ತಲಿನ ಬಾವಿ ಕೆರೆಗಳನ್ನೂ ಹಿಡಿದಿಡುತ್ತದೆ.

ಕಟ್ಟದ ಕಷ್ಟ ಕಲ್ಲು ಮಣ್ಣಿನದಲ್ಲ, ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಅದು ಇನ್ನೂ ಹಗುರವಾಗಿದೆ. ಮೇಲಿನ ತೋಟದವರು ಕಟ್ಟಿದರೆ ಕೆಳಗಿನವರಿಗೆ ನೀರಿಲ್ಲವೆಂಬ ತಕರಾರು, ಕೆಳಗಿನವರು ಕಟ್ಟಿದರೆ ಮೇಲಿನವರಿಗೆ ಉಪಯೋಗವಿಲ್ಲವೆಂಬ ಉದಾಸೀನ. ಒಂದೇ ತೋಡಿಗೆ ಸಾಲಾಗಿ ಐದಾರು ಕಟ್ಟ ಬಿದ್ದರೆ ಈ ತಕರಾರು ಉಳಿಯುವುದಿಲ್ಲ. ಮೇಲಿನ ಕಟ್ಟದಿಂದ ಜಿನುಗಿದ್ದು ಕೆಳಗಿನದಕ್ಕೆ ಬಂದೇ ಬರುತ್ತದೆ. ಒಂದು ತೋಡಿನ ಎರಡು ಬದಿಯ ಸದಸ್ಯರು ಅಡಿಕೆ ಕೊಯ್ಲಿನ ಗಡಿಬಿಡಿ ಆರಂಭವಾಗುವ ಮೊದಲು ಒಂದು ಭಾನುವಾರ ಒಟ್ಟಿಗೆ ಕೂತು, ಯಾರ ಜಾಗದಲ್ಲಿ ಎಷ್ಟು ಎತ್ತರ, ಯಾರಿಂದ ಎಷ್ಟು ಆಳು ಎಂದು ಮಾತಾಡಿಕೊಂಡರೆ, ಡಿಸೆಂಬರ್ ಕಳೆಯುವುದರೊಳಗೆ ಕಟ್ಟಗಳು ನಿಂತಿರುತ್ತವೆ.